ಹಾಜಿ ಬದ್ರಾವಿಯವರ ನಲವತ್ತನೆಯ ದಿನ

ನನ್ನ ಮಾವ ಹಾಜಿ ಬದ್ರಾವಿ ತೀರಿಕೊಂಡದ್ದು ಏಪ್ರಿಲ್ ತಿಂಗಳ ಒಂದು ಮಂಗಳವಾರ, ರಾತ್ರಿ ಒಂಬತ್ತರ ಸುಮಾರಿಗೆ. ಇದರಲ್ಲಿ ಜಗಳವಾಡುವುದಕ್ಕೆ ಏನಿದೆ ಎಂದು ನಿಮಗೆ ಅನ್ನಿಸಬಹುದು. ನೀವು ನನ್ನ ಹೆಂಡತಿಯ ಮನೆಯವರನ್ನು ನೋಡಿಲ್ಲ.

ನಮ್ಮ ದುಮ್ಯಾತ್ ಊರಿನಲ್ಲಿ ಕುರ್ಚಿ ಮಾಡಲು ಬಾರದವನನ್ನು ಗಂಡಸರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಾವ ಐವತ್ತು ವರ್ಷ ಸಿಂಹದ ಕಾಲಿನ, ಚಿನ್ನದ ಬಣ್ಣದ ಕುರ್ಚಿಗಳನ್ನು ಮಾಡಿ, ಈಜಿಪ್ಟಿನ ಅರ್ಧದಷ್ಟು ಮದುಮಕ್ಕಳನ್ನು ಅವುಗಳ ಮೇಲೆ ಕೂರಿಸಿ ಬೆನ್ನುನೋವು ದಯಪಾಲಿಸಿದ ಪುಣ್ಯಾತ್ಮರು. ಅವರ ಮಗ ಖಲೀಫಾ ಈಗ ಅಂಗಡಿ ನೋಡಿಕೊಳ್ಳುತ್ತಾನೆ. ನಾನು ವಗ್ದಿ, ಶಾಲೆಯಲ್ಲಿ ಅರಬ್ಬಿ ವ್ಯಾಕರಣ ಹೇಳಿಕೊಡುವ ಮೇಷ್ಟ್ರು. ಕುರ್ಚಿ ಮಾಡಲು ಬಾರದ ಕಾರಣ ಆ ಮನೆಯಲ್ಲಿ ಕುರ್ಚಿ ಹೊರುವ ಕೆಲಸ ನನಗೆ ಬಿದ್ದಿದೆ. ಮದುವೆ, ಸಾವು, ಹಬ್ಬ, ಏನೇ ಇರಲಿ, ‘ವಗ್ದಿ, ಸ್ವಲ್ಪ ಕೈ ಹಾಕಪ್ಪ’ ಎನ್ನುತ್ತಾರೆ. ಆ ಕುರ್ಚಿಗಳ ತೂಕ ಅವುಗಳನ್ನು ಮಾಡಿದವನಿಗೂ ಗೊತ್ತಿರಲಿಲ್ಲ.

ನನ್ನ ಹೆಂಡತಿ ರಬಾಬ್ ಬಂದರಿನ ಒಂದು ಸಾಗಣೆ ಕಂಪನಿಗೆ ಪ್ರೋಗ್ರಾಂ ಬರೆಯುತ್ತಾಳೆ. ಹಡಗಿನಿಂದ ಇಳಿದ ಕಂಟೇನರ್ ಯಾವತ್ತು ಬಂತು, ಯಾವತ್ತು ಹೋಯಿತು, ನಡುವೆ ಎಷ್ಟು ದಿನ ಅಂಗಳದಲ್ಲಿ ಬಿದ್ದಿತ್ತು ಎಂದು ಹೇಳುವುದು ಅವಳ ಪ್ರೋಗ್ರಾಂನ ಕೆಲಸ. ಮದುವೆಯಾದ ಹೊಸತರಲ್ಲಿ ನಾನು ಬುದ್ಧಿಯಿಲ್ಲದೆ ಕೇಳಿದ್ದೆ:

“ಇದಕ್ಕೆ ಎಂಜಿನಿಯರ್ ಬೇಕಾ? ಒಂದು ತಾರೀಕಿನಿಂದ ಇನ್ನೊಂದು ಕಳೆದ್ರೆ ಆಯ್ತಲ್ಲ?”

“ಹತ್ತು ಕುರ್ಚಿ ಸಾಲಾಗಿಟ್ರೆ ನಡುವೆ ಸಂದು ಎಷ್ಟು?” ಅಂದಳು.

“ಹತ್ತು.”

“ಒಂಬತ್ತು. ಮಕ್ಕಳಿಗೆ ಪಾಠ ಬೇರೆ ಹೇಳ್ತೀಯ. ದಿನಾನೂ ಹಾಗೇ. ಕುರ್ಚಿ ಎಣಿಸ್ತೀಯೋ, ಸಂದು ಎಣಿಸ್ತೀಯೋ ಅಂತ ಮೊದಲು ತೀರ್ಮಾನ ಆಗ್ಬೇಕು. ಸೋಮವಾರ ಬಂದ ಪೆಟ್ಟಿಗೆ ಮಂಗಳವಾರ ಹೋದ್ರೆ ಒಂದು ದಿನಾನೋ ಎರಡು ದಿನಾನೋ? ನಾನು ಎರಡು ಅಂತೀನಿ, ಬಾಡಿಗೆ ಕಟ್ಟೋ ಏಜೆಂಟು ಒಂದು ಅಂತಾನೆ. ನನ್ನ ಸಂಬಳ ಬರೋದೇ ಈ ಒಂದರಿಂದ.”

ಆ ಒಂದರ ವಿಷಯದಲ್ಲಿ ರಬಾಬ್ ಯಾರಿಗೂ ಬಗ್ಗಿದವಳಲ್ಲ. ಗ್ರೀಸಿನ ಹಡಗಿನ ಕಪ್ತಾನನೊಬ್ಬ ಅವಳ ಮೇಜಿನ ಮುಂದೆ ಟೋಪಿ ಎಸೆದಿದ್ದನಂತೆ. ಇವಳು ಟೋಪಿ ಎತ್ತಿ ಕೈಗೆ ಕೊಟ್ಟು, ‘ಬಂದ ದಿನಾನೂ ಲೆಕ್ಕಕ್ಕಿದೆ, ಕಪ್ತಾನರೇ’ ಅಂದಳಂತೆ.

ಇನ್ನು ಮನೆಯ ಇಬ್ಬರು ದೊಡ್ಡ ಹೆಂಗಸರ ವಿಷಯ. ಒಬ್ಬರು ನನ್ನ ಅತ್ತೆ, ಹಾಜಾ ನಫೀಸಾ. ಇನ್ನೊಬ್ಬರು ಮಾವನ ಅಕ್ಕ ಇನ್ಸಾಫ್. ರಬಾಬ್‌ಗೆ ಅವರು ಸೋದರತ್ತೆ. ನೈಲ್ ನದಿ ಸಮುದ್ರ ಸೇರುವ ಕಡೆ, ಎಜ್ಬತ್ ಅಲ್ ಬುರ್ಜ್‌ನಲ್ಲಿ ಮೀನುಗಾರರ ನಡುವೆ ಇದ್ದಾರೆ. ಇನ್ಸಾಫ್ ಅಂದರೆ ನ್ಯಾಯ. ಹೆಸರಿಟ್ಟವರು ತಮಾಷೆಯ ಮನುಷ್ಯರಾಗಿರಬೇಕು. ಈ ಅತ್ತಿಗೆ ನಾದಿನಿಯರು ಮಾವನ ಮದುವೆಯ ದಿನದಿಂದ ಒಂದು ವಿಷಯದಲ್ಲಿ ಮಾತ್ರ ಒಮ್ಮತಕ್ಕೆ ಬಂದಿದ್ದರು: ಇನ್ನೊಬ್ಬರು ಹೇಳಿದ್ದು ತಪ್ಪು.

ಮಾವ ಹೋದ ದಿನ ಇನ್ಸಾಫ್ ಅತ್ತೆ ಮನೆಗೆ ಬಂದಿದ್ದರು. ಹಿಂದಿನ ದಿನ ವಸಂತದ ಹಬ್ಬ. ಆ ಹಬ್ಬಕ್ಕೆ ನಮ್ಮಲ್ಲಿ ಫಸೀಖ್ ತಿನ್ನುವುದುಂಟು. ಮೀನನ್ನು ಉಪ್ಪಿನಲ್ಲಿ ಹುದುಗಿಸಿ, ನೆರೆಮನೆಯವರು ಊರು ಬಿಡಬೇಕೋ ಬೇಡವೋ ಎಂದು ಯೋಚಿಸುವಷ್ಟು ವಾಸನೆ ಬಂದಾಗ ತಿನ್ನುವ ಪದಾರ್ಥ ಅದು. ತಮ್ಮನಿಗೆ ಪ್ರಾಣ ಎಂದು ಅತ್ತೆ ಒಂದು ಡಬ್ಬಿ ತಂದಿದ್ದರು. ಮಾವನಿಗೆ ರಕ್ತದೊತ್ತಡ, ಡಾಕ್ಟರು ಉಪ್ಪು ಬಿಡಿಸಿದ್ದರು. ಹಾಜಾ ನಫೀಸಾ ಡಬ್ಬಿಯನ್ನು ಮುಚ್ಚಳ ತೆಗೆಯದೆ ಬಾಗಿಲ ಹೊರಗಿಟ್ಟರು. ಮಾತಿಗೆ ಮಾತು ಬೆಳೆದು, ಇನ್ಸಾಫ್ ಅತ್ತೆ ಸೂರ್ಯ ಮುಳುಗುವ ಮಗ್ರಿಬ್ ನಮಾಜಿನ ಹೊತ್ತಿಗೆ ಡಬ್ಬಿ ಎತ್ತಿಕೊಂಡು ಹೊರಟುಹೋದರು. ರಾತ್ರಿ ಮಾವನಿಗೆ ಎದೆನೋವು ಬಂತು. ಆಸ್ಪತ್ರೆಯ ದಾರಿಯಲ್ಲಿ ಪ್ರಾಣ ಹೋಯಿತು. ಸುದ್ದಿ ತಿಳಿದು ಎಲ್ಲರಿಗಿಂತ ಮೊದಲು ಚಪ್ಪಲಿ ಕೂಡ ಇಲ್ಲದೆ ಓಡಿಬಂದವರು ಇನ್ಸಾಫ್ ಅತ್ತೆಯೇ. ಮಾರನೆಯ ದಿನ ಮಧ್ಯಾಹ್ನ ಮಣ್ಣು ಮಾಡಿದೆವು.

ಅಲ್ಲಿಯವರೆಗೆ ಎಲ್ಲ ಸರಿಯಿತ್ತು, ಅಂದರೆ ದುಃಖವೊಂದೇ ಇತ್ತು. ಕೆಲವು ವಾರ ಕಳೆದ ಮೇಲೆ, ನಲವತ್ತನೆಯ ದಿನ ಕುರಾನ್ ಓದಿಸಿ ನೆಂಟರಿಗೆ ಊಟ ಹಾಕುವ ಮಾತು ಬಂತು.

ಒಂದು ಶುಕ್ರವಾರ ಊಟವಾದ ಮೇಲೆ ಮನೆಯಲ್ಲಿ ಸಭೆ ಸೇರಿತು. ಅದಕ್ಕೆ ಬೇಕಾದ ಕುರ್ಚಿಗಳನ್ನು ಯಾರು ತಂದಿಟ್ಟರೆಂದು ಹೇಳಬೇಕಿಲ್ಲ. ಕುರಾನ್ ಓದುವ ಶೇಖ್ ದಸೂಕಿಯವರಿಗೆ ಖಲೀಫಾ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟ.

“ಮಗು ಖಲೀಫಾ,” ಎಂದು ಶೇಖರು ಮೂಗಿನಲ್ಲಿ ಶುರುಮಾಡಿದರು, “ನಲವತ್ತನೇ ದಿನ ಅಂತ ಧರ್ಮದಲ್ಲಿ ಎಲ್ಲೂ ಹೇಳಿಲ್ಲ. ಇದೆಲ್ಲಾ ಫೇರೋಗಳ ಕಾಲದ ಚಾಳಿ. ಹೆಣಕ್ಕೆ ಬಟ್ಟೆ ಸುತ್ತೋರು ಮಾಡ್ತಿದ್ದಿದ್ದು. ನಾವು ಮಾಡಬಾರದು.”

“ಹಾಗಾದ್ರೆ ಬೇಡ್ವಾ, ಶೇಖರೇ?”

“ಬೇಡ ಅಂತ ನಾನೆಲ್ಲಿ ಹೇಳ್ದೆ? ಯಾವತ್ತು ಅಂತ ಬೇಗ ಹೇಳು. ಆ ವಾರ ನನಗೆ ಇನ್ನೂ ಮೂರು ನಲವತ್ತಿದೆ.”

“ಶನಿವಾರ,” ಅಂದರು ಹಾಜಾ ನಫೀಸಾ.

“ಭಾನುವಾರ,” ಅಂದರು ಇನ್ಸಾಫ್ ಅತ್ತೆ.

“ತೀರ್ಮಾನ ಆದ್ಮೇಲೆ ಮಾಡಿ,” ಎಂದು ಶೇಖರು ಫೋನ್ ಇಟ್ಟುಬಿಟ್ಟರು. ಮೂವತ್ತು ವರ್ಷದಿಂದ ಈ ಊರಿನ ಸಾವಿನ ಮನೆಗಳಲ್ಲಿ ಓದಿದವರು. ಯಾವಾಗ ಜಾಗ ಖಾಲಿ ಮಾಡಬೇಕೆಂದು ಅವರಿಗೆ ಗೊತ್ತು.

“ನನ್ನ ಗಂಡ ಹೋಗಿದ್ದು ಮಂಗಳವಾರ,” ಹಾಜಾ ನಫೀಸಾ ಬೆರಳು ಮಡಚತೊಡಗಿದರು. “ಮಂಗಳವಾರ ಒಂದು, ಬುಧವಾರ ಎರಡು…”

“ಸೂರ್ಯ ಮುಳುಗಿದ್ಮೇಲೆ ಹೋಗಿದ್ದು ನಫೀಸಾ. ಸೂರ್ಯ ಮುಳುಗಿದ್ರೆ ದಿನ ಮುಗೀತು, ಬುಧವಾರ ಹುಟ್ಟಿತು. ರಮದಾನ್ ಚಂದ್ರ ಕಂಡಾಗ ಏನ್ ಮಾಡ್ತೀಯ? ಬೆಳಗಾಗ್ಲಿ ಅಂತ ಕಾಯ್ತೀಯಾ?”

“ಆಸ್ಪತ್ರೆ ಕಾಗದದಲ್ಲಿ ಮಂಗಳವಾರ ಅಂತ ಇದೆ, ಅತ್ತಿಗೆ.”

“ಆಸ್ಪತ್ರೆಯವರಿಗೆ ಚಂದ್ರ ಏನ್ ಗೊತ್ತು? ಅವರು ದಿನಾ ಟ್ಯೂಬ್‌ಲೈಟ್ ನೋಡೋರು.”

ಖಲೀಫಾ ಕೈ ಎತ್ತಿದ. ಅವನಿಗೆ ಜಗತ್ತಿನ ಎಲ್ಲ ಸಮಸ್ಯೆಗೂ ಮೊಬೈಲಿನಲ್ಲಿ ಉತ್ತರವಿದೆ ಎಂಬ ನಂಬಿಕೆ. “ಜಗಳ ಯಾಕೆ? ತಾರೀಕು ಹಾಕಿದ್ರೆ ಎಣಿಸಿಕೊಡೋ ಜಾಲತಾಣ ಇದೆ,” ಎಂದು ಬೆರಳಾಡಿಸಿದ. ಅದು ಅಮೆರಿಕದವರು ಮಾಡಿದ್ದು. ಮೊದಲು ತಿಂಗಳು, ಆಮೇಲೆ ದಿನ ಹಾಕಬೇಕು. ಖಲೀಫಾ ನಮ್ಮ ರೂಢಿಯಂತೆ ಮೊದಲು ದಿನ, ಅಂದರೆ ಇಪ್ಪತ್ತೆರಡು, ಹಾಕಿದ. ಇಪ್ಪತ್ತೆರಡನೆಯ ತಿಂಗಳು ಎಲ್ಲಿಂದ ಬರಬೇಕು? ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು.

“ಏನಂತೆ?” ಎಂದರು ಅವನ ತಾಯಿ.

ಖಲೀಫಾ ಗಂಟಲು ಸರಿಮಾಡಿಕೊಂಡ. “ಇಂಥ ತಾರೀಕೇ ಇಲ್ವಂತೆ.”

“ಅಂದ್ರೆ ನಿಮ್ಮಪ್ಪ ಸತ್ತೇ ಇಲ್ವಾ?” ಇನ್ಸಾಫ್ ಅತ್ತೆ ಎದೆಗೆ ಕೈಯಿಟ್ಟರು. “ಕುರ್ಚಿ ಮಾರೋನು ಕುರ್ಚಿ ಮಾರಪ್ಪ. ರಬಾಬ್ ಇಲ್ವಾ? ಅವಳ ಕಸುಬೇ ಇದು. ಏನೇ ಮಗಳೇ, ಹಡಗಿನ ಪೆಟ್ಟಿಗೆ ಎಣಿಸ್ತೀಯ, ಹೆತ್ತಪ್ಪನನ್ನ ಎಣಿಸಕ್ಕಾಗಲ್ವಾ?”

ಅಪ್ಪ ಹೋದ ಮೇಲೆ ರಬಾಬ್ ಹೆಚ್ಚು ಮಾತಾಡುತ್ತಲೇ ಇರಲಿಲ್ಲ. ಎದ್ದು ಹೋಗಿ ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲಿಟ್ಟಳು. ಸೋದರತ್ತೆಗೆ ಸಮಾಧಾನವಾಗಲೆಂದು ಗಂಟೆಯ ಸಮೇತ ಲೆಕ್ಕ ಹಾಕುವುದಾಗಿ ಹೇಳಿ, ನಾಲ್ಕೈದು ಸಾಲು ಟಕಟಕ ಬರೆದಳು. ಮಂಗಳವಾರ ರಾತ್ರಿ ಒಂಬತ್ತರಿಂದ ಅತ್ತೆ ಹೇಳಿದ ಭಾನುವಾರ ರಾತ್ರಿ ಒಂಬತ್ತಕ್ಕೆ ಎಷ್ಟು ಪೂರ್ತಿ ದಿನ? ಎಳೆಯ ಮಗುವೂ ಬೆರಳು ಮಡಚಿ ನಲವತ್ತು ಎನ್ನುತ್ತದೆ. ಪ್ರೋಗ್ರಾಂ ಮೂವತ್ತೊಂಬತ್ತು ಎಂದಿತು.

“ನೋಡಿದ್ಯಾ?” ಇನ್ಸಾಫ್ ಅತ್ತೆ ನನ್ನ ಕಡೆ ತಿರುಗಿದರು, ನಾನೇ ಅದನ್ನು ಬರೆದವನಂತೆ. “ಒಂದು ದಿನ ನುಂಗಿ ನೀರು ಕುಡೀತು.”

ರಬಾಬ್‌ಳ ಕಿವಿ ಕೆಂಪಾಯಿತು. ಒಂದು ನಿಮಿಷ ಪರದೆ ನೋಡಿ ಹಣೆ ಚಚ್ಚಿಕೊಂಡಳು. “ಗಡಿಯಾರ! ಏಪ್ರಿಲ್ ಕೊನೇ ವಾರ ಸರ್ಕಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸ್ತಲ್ಲ? ನಡುವೆ ಒಂದು ಗಂಟೆ ಮಾಯ. ನಾನು ಗಂಟೆಗಳನ್ನ ಎಣಿಸಿ ಇಪ್ಪತ್ನಾಲ್ಕರಿಂದ ಭಾಗಿಸ್ದೆ. ಒಂದು ಗಂಟೆ ಕಮ್ಮಿ ಬಿತ್ತು, ಕೊನೇ ದಿನ ಪೂರ್ತಿ ಆಗ್ಲಿಲ್ಲ ಅಂತ ಅದನ್ನ ಬಿಟ್ಟೇಬಿಡ್ತು.”

ಹೋದ ವರ್ಷ ಬಂದರಿನಲ್ಲಿ ಹೊಸದಾಗಿ ಸೇರಿದವನೊಬ್ಬ ಇದೇ ತಪ್ಪು ಮಾಡಿದಾಗ, ‘ದಿನ ಎಣಿಸುವಾಗ ದಿನ ಎಣಿಸು, ಗಂಟೆ ಎಣಿಸಬೇಡ’ ಎಂದು ಇವಳು ಇಡೀ ಕಚೇರಿಗೆ ಕೇಳುವಂತೆ ಬೈದಿದ್ದಳು. ಆ ಕಥೆ ನನಗೆ ಎರಡು ಸಲ ಹೇಳಿದ್ದಳು. ಈಗ ಅದನ್ನು ನೆನಪಿಸುವಷ್ಟು ಮೂರ್ಖ ನಾನಲ್ಲ.

“ಕರೆಂಟ್ ಉಳಿಸ್ತೀವಿ ಅಂತ ನನ್ನ ಗಂಡನ ಸೂತಕದಲ್ಲೂ ಒಂದು ಗಂಟೆ ಕದ್ರಾ?” ಅಂದರು ಹಾಜಾ ನಫೀಸಾ. ಸರ್ಕಾರದ ಮೇಲೆ ಅವರಿಗಿದ್ದ ದೂರುಗಳ ಸಾಲಿಗೆ ಇನ್ನೊಂದು ಸೇರಿತು.

ರಬಾಬ್ ಆ ಸಾಲುಗಳನ್ನು ಅಳಿಸಿ, ಬಂದರಿನಲ್ಲಿ ದಿನವೂ ಓಡುವ ತನ್ನ ಸ್ವಂತ ಪ್ರೋಗ್ರಾಂ ತೆರೆದಳು. ಅದಕ್ಕೆ ಗಂಟೆಯ ಗೊಡವೆಯಿಲ್ಲ, ತಾರೀಕು ಮಾತ್ರ. ಆದರೆ ಅದು ಮೊದಲು ಕಂಟೇನರ್ ಸಂಖ್ಯೆ ಕೇಳುತ್ತದೆ. ಅವಳು ಖಾಲಿ ಬಿಟ್ಟು ಮುಂದೆ ಹೋಗಲು ನೋಡಿದಳು, ಬಿಡಲಿಲ್ಲ. ಬರೆದವಳೇ ಇವಳು, ಯಾರನ್ನು ಬೈಯುವುದು? ಆ ಜಾಗದಲ್ಲಿ ‘ಅಪ್ಪ’ ಎಂದು ಬರೆದಳು. ‘ಬಂದ ದಿನ’ ಎಂಬಲ್ಲಿ ಅಪ್ಪ ಹೋದ ದಿನವನ್ನು ಹಾಕುವಾಗ ಅವಳ ಬೆರಳು ಸ್ವಲ್ಪ ಹೊತ್ತು ನಿಂತಿತು. ಉಳಿದವರು ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುತ್ತಿದ್ದರಿಂದ ನೋಡಿದವನು ನಾನೊಬ್ಬನೇ.

ದಿನಗಳು ನಲವತ್ತು ಎಂದೂ ತುಂಬಿದ ಮೇಲೆ ಪ್ರೋಗ್ರಾಂ ಕೊನೆಯ ಪ್ರಶ್ನೆ ಕೇಳಿತು: ‘ಮೊದಲ ದಿನವನ್ನು ಲೆಕ್ಕಕ್ಕೆ ಹಿಡಿಯಬೇಕೆ? ಹೌದು. ಇಲ್ಲ.’

“ಇದೇನು, ನಮ್ಮನ್ನೇ ಕೇಳ್ತಾ ಇದೆ?” ಅಂದರು ಇನ್ಸಾಫ್ ಅತ್ತೆ.

“ಅದು ಕೇಳಲೇಬೇಕು. ಹೌದು ಅಂದ್ರೆ ನಲವತ್ತನೇ ದಿನ ಶನಿವಾರ ಬರುತ್ತೆ. ಇಲ್ಲ ಅಂದ್ರೆ ಭಾನುವಾರ.”

ಇಷ್ಟು ವಿದ್ಯೆ, ಇಷ್ಟು ಕರೆಂಟು ಖರ್ಚುಮಾಡಿ ನಾವು ಹೊರಟಲ್ಲಿಗೇ ಬಂದು ನಿಂತಿದ್ದೆವು.

“ಹೌದು ಅಂತ ಒತ್ತು,” ಅಂದರು ಹಾಜಾ ನಫೀಸಾ. “ಆ ದಿನ ಲೆಕ್ಕಕ್ಕಿಲ್ಲ ಅಂದ್ರೆ ಆವತ್ತು ರಾತ್ರಿಯೆಲ್ಲಾ ನಾನು ಅತ್ತಿದ್ದು ಯಾವ ಲೆಕ್ಕಕ್ಕೆ?”

“ಒತ್ತಬೇಡ!”

ರಬಾಬ್ ಇಬ್ಬರನ್ನೂ ನೋಡಿದಳು. ಕಪ್ತಾನನಿಗೆ ಬಗ್ಗದವಳು ತನ್ನ ಕಸುಬಿನ ನಿಯಮಕ್ಕೆ ಬಗ್ಗಿದಳು. “ಬಂದರಿನಲ್ಲಿ ನಾನು ಯಾವಾಗ್ಲೂ ಮೊದಲ ದಿನ ಹಿಡೀತೀನಿ, ಅತ್ತೆ. ಅಪ್ಪನಿಗೊಂದು, ಪೆಟ್ಟಿಗೆಗೊಂದು ನಿಯಮ ಮಾಡಕ್ಕಾಗಲ್ಲ,” ಎಂದು ‘ಹೌದು’ ಒತ್ತಿದಳು.

ಶನಿವಾರ ಎಂದು ಬಂತು. ಹಾಜಾ ನಫೀಸಾ ಕಪ್ಪು ಮುಸುಕು ಸರಿಮಾಡಿಕೊಂಡರು. ಇಡೀ ದುಮ್ಯಾತ್‌ಗೆ ಡಂಗುರ ಸಾರಿದ್ದರೂ ಅಷ್ಟು ಜಂಬ ಕಾಣುತ್ತಿರಲಿಲ್ಲ. ಖಲೀಫಾ ತಕ್ಷಣ ನೆಂಟರ ವಾಟ್ಸಾಪ್ ಗುಂಪಿಗೆ ‘ಶನಿವಾರ’ ಎಂದು ಸುದ್ದಿ ಕಳಿಸಿದ. ಒಳ್ಳೆಯ ಕೆಲಸದಲ್ಲಿ ಅವನು ತಡಮಾಡುವವನಲ್ಲ.

ಇನ್ಸಾಫ್ ಅತ್ತೆ ಎದ್ದು ನಿಂತರು. ಕೂಗುತ್ತಾರೆಂದು ನಾವೆಲ್ಲ ಕಿವಿ ಗಟ್ಟಿಮಾಡಿಕೊಂಡೆವು. ಅವರು ಕೂಗಲಿಲ್ಲ. “ಬುಧವಾರ ಕಣ್ರೋ ಅವನು ಹೋಗಿದ್ದು,” ಎಂದು ಸಣ್ಣ ದನಿಯಲ್ಲಿ ಹೇಳಿ ಮೆಟ್ಟಿಲಿಳಿದು ಹೋದರು. ಎಪ್ಪತ್ತು ದಾಟಿದ ಆ ಹೆಂಗಸು ಜಗಳವನ್ನು ಅರ್ಧಕ್ಕೆ ಬಿಟ್ಟು ಹೋದದ್ದನ್ನು ಆ ಮನೆ ಕಂಡದ್ದೇ ಇಲ್ಲ. ಶನಿವಾರ ಗೆದ್ದ ಹಾಜಾ ನಫೀಸಾಗೂ ಚಹಾ ರುಚಿಸಲಿಲ್ಲ.

“ಏನೋ ಸರಿಯಿಲ್ಲ,” ಅಂದಳು ರಬಾಬ್ ಮನೆಗೆ ಬಂದ ಮೇಲೆ. “ಅತ್ತೆ ಸೋತಾಗ ಬೈತಾರೆ. ಈ ಸಲ ಬೈಲಿಲ್ಲ.”

ಮಾರನೆಯ ಬೆಳಿಗ್ಗೆ ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಎಜ್ಬತ್ ಅಲ್ ಬುರ್ಜ್‌ಗೆ ಹೊರಟೆ. ಅತ್ತೆಯ ಮನೆ ದೋಣಿ ಕಟ್ಟುವವರ ಅಂಗಳದ ಪಕ್ಕ. ಅವರು ಬಾಗಿಲಲ್ಲಿ ಕೂತು ಮುಲೂಖಿಯ್ಯಾ ಸೊಪ್ಪು ಬಿಡಿಸುತ್ತಿದ್ದರು. ನಮ್ಮನ್ನು ನೋಡಿ ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲಿಲ್ಲ. ರಬಾಬ್ ಚಪ್ಪಲಿ ಬಿಟ್ಟು ಎದುರಿಗೆ ಕೂತು ತಾನೂ ಒಂದು ಕಟ್ಟು ಕೈಗೆತ್ತಿಕೊಂಡಳು. ನನಗೆ ಯಾರೂ ಕುರ್ಚಿ ಕೊಡಲಿಲ್ಲ. ನಾನು ಬಾಗಿಲಿಗೆ ಒರಗಿ ನಿಂತೆ.

“ಲೆಕ್ಕ ತಪ್ಪಿದ್ರೆ ಹೇಳಿ, ಅತ್ತೆ. ನಿನ್ನೆ ಒಂದು ಸಲ ತಪ್ಪಿದೀನಲ್ಲ,” ಅಂದಳು ರಬಾಬ್.

“ನಿನ್ನ ಲೆಕ್ಕ ಸರಿಯಾಗೇ ಇದೆ. ನೀನು ಚಿಕ್ಕೋಳಿದ್ದಾಗ್ಲೂ ಹಾಗೇ. ಒಂದು ಬಿಸ್ಕತ್ ಕಮ್ಮಿ ಆದ್ರೆ ಮನೆ ತಲೆಮೇಲೆ ಹೊರ್ತಿದ್ದೆ.”

“ಮತ್ತೆ ಬುಧವಾರ ಅಂತ ಯಾಕೆ ಹಟ?”

ಅತ್ತೆ ಸೊಪ್ಪಿನ ದಂಟನ್ನು ಮುರಿದು ಮುರಿದು ಚೂರುಮಾಡಿದರು. “ನಿಮ್ಮಪ್ಪನಿಗೆ ನಾನು ಕೊನೇಗೆ ಏನಂದೆ ಗೊತ್ತಾ? ಅವನು ಹೆಂಡ್ತಿ ಪರ ಮಾತಾಡ್ದ. ‘ಅಕ್ಕ, ಅವಳು ಹೇಳೋದು ಸರಿ, ಮೀನು ತಗೊಂಡ್ಹೋಗು’ ಅಂದ. ನನಗೆ ಉರೀತು. ‘ನೀನು ಸತ್ರೂ ನಾನು ಈ ಹೊಸಲು ತುಳಿಯಲ್ಲ’ ಅಂದ್ಬಿಟ್ಟೆ. ಆಮೇಲೆ ಮೆಟ್ಟಿಲು ಇಳೀತಾ ಇದ್ದಾಗ ಮಗ್ರಿಬ್ ಬಾಂಗ್ ಆಯ್ತು.” ಅವರು ತಲೆಯೆತ್ತಿದರು. “ಬಾಂಗಿಗೆ ಮುಂಚೆ ಅಂದಿದ್ದು, ರಬಾಬ್. ಸೂರ್ಯ ಇನ್ನೂ ಇದ್ದ. ನಾನು ಅಂದಿದ್ದು ಮಂಗಳವಾರ. ಅವನು ಹೋಗಿದ್ದು ಬುಧವಾರ. ಎರಡೂ ಬೇರೆ ಬೇರೆ ದಿನ. ಅಲ್ವಾ?”

ಹಡಗಿನ ಏಜೆಂಟುಗಳಿಗೆ ಒಂದು ದಿನವನ್ನೂ ಬಿಟ್ಟುಕೊಡದ ನನ್ನ ಹೆಂಡತಿ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು. ನನಗೆ ತಮಾಷೆ ಮಾಡುವುದು ಏನೂ ತೋಚಲಿಲ್ಲ, ಅಪರೂಪಕ್ಕೆ ಹಾಗಾಗುತ್ತದೆ.

“ಬೇರೆ ದಿನಾನೇ, ಅತ್ತೆ,” ಅಂದಳು.

“ಹಾಗಂತ ನಿನ್ನ ಯಂತ್ರ ಹೇಳ್ಲಿಲ್ವಲ್ಲ.”

ವಾಪಸು ಬರುವಾಗ ರಬಾಬ್ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. “ಅಮ್ಮನ ಮನೆ ಕಡೆ ತಿರುಗಿಸು,” ಅಂದಳು. ತಿರುಗಿಸಿದೆ.

ಹಾಜಾ ನಫೀಸಾ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ರಬಾಬ್ ಕೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ತಾಯಿ ಆಶ್ಚರ್ಯಪಡುತ್ತಾರೆಂದು ನಾನು ಕಾದೆ. ಅವರು ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟರು.

“ಗೊತ್ತು ನನಗೆ. ಅವಳು ಅಂದಾಗ ನಾನು ಅಲ್ಲೇ ಬಾಗಿಲ ಹತ್ರ ನಿಂತಿದ್ದೆ. ಕಿವುಡೀನಾ ನಾನು?”

“ಗೊತ್ತಿದ್ದೂ ಮಂಗಳವಾರ ಮಂಗಳವಾರ ಅಂತ ಚುಚ್ತಿದ್ಯಾ, ಅಮ್ಮ?”

“ಮಂಗಳವಾರ ಹೋಗಿದ್ದನ್ನ ಮಂಗಳವಾರ ಅನ್ನದೆ ಏನನ್ಲಿ? ಅವಳು ಬಾಯಿಬಿಟ್ಟು ತಪ್ಪಾಯ್ತು ಅಂದಿದ್ರೆ ನಾನೂ ಏನೋ ಒಂದು ಹೇಳ್ತಿದ್ದೆ.”

“ಏನ್ ಹೇಳ್ತಿದ್ದೆ?”

ಹಾಜಾ ನಫೀಸಾ ತಟ್ಟೆಯನ್ನು ಒಂದು ಸಲ ಕೇರಿದರು. ಕೇರಬೇಕಾದ್ದು ಅದರಲ್ಲಿ ಏನೂ ಇರಲಿಲ್ಲ. “ಅವಳು ಹೋದ್ಮೇಲೆ ನಿಮ್ಮಪ್ಪ ನಕ್ಕರು. ಹೊಟ್ಟೆ ಹಿಡ್ಕೊಂಡು ನಕ್ಕರು. ‘ಬರಲ್ಲ ಅಂದ್ಲಲ್ಲ, ಬೆಳಿಗ್ಗೆ ಏಳಕ್ಕೆ ಬಂದು ಬಾಗಿಲು ಬಡೀತಾಳೆ ನೋಡು. ಹಾಲು ತರ್ಸಿಡು, ಅಕ್ಕನಿಗೆ ಕಪ್ಪು ಚಹಾ ಆಗಲ್ಲ’ ಅಂದ್ರು. ಆಮೇಲೆ ಮಲಗಿದ್ರು. ಆಮೇಲೆ ಎದೆ ನೋವು ಅಂದ್ರು, ಅಷ್ಟೇ.”

ರಬಾಬ್ ಎದ್ದೇ ನಿಂತಳು. “ಇಷ್ಟು ದಿನ ಇದನ್ನ ಬಚ್ಚಿಟ್ಕೊಂಡಿದ್ಯಾ? ಆ ಮುದುಕಿ ಅಲ್ಲಿ ಬೇಯ್ತಾ ಇದಾಳೆ!”

“ನಿನಗೇನ್ ಗೊತ್ತೇ?” ಹಾಜಾ ನಫೀಸಾ ತಟ್ಟೆ ಕೆಳಗಿಟ್ಟರು. “ಇಷ್ಟು ವರ್ಷ ಅವರ ಜೊತೆ ಬಾಳ್ದೆ. ಉಪ್ಪಿಲ್ಲದ ಊಟ ಮಾಡಿ ಹಾಕಿ, ಮಾತ್ರೆ ಎಣಿಸಿ ಕೊಟ್ಟೆ. ಕೊನೇಗೆ ಅವರ ಬಾಯಲ್ಲಿ ಬಂದಿದ್ದು ಅವಳ ಮಾತು ಕಣೇ. ಅವಳ ಹಾಲು, ಅವಳ ಚಹಾ. ನನ್ನ ವಿಷಯ ಒಂದಕ್ಷರ ಇಲ್ಲ. ಅದನ್ನೂ ಅವಳಿಗೆ ಕೊಟ್ಬಿಡ್ಬೇಕಾ? ನನಗೇನು ಉಳೀತು?”

ರಬಾಬ್ ತಾಯಿಯ ಪಕ್ಕ ಕೂತಳು. ಅಲ್ಲಿ ಇನ್ನೇನು ಮಾತಾಯಿತೋ ಗೊತ್ತಿಲ್ಲ. ನಾನು ಮರ್ಯಾದೆಯಿಂದ ಹೊರಗೆ ಹೋಗಿ ಬಾಲ್ಕನಿಯಲ್ಲಿ ನಿಂತು ರಸ್ತೆ ನೋಡಿದೆ. ಸ್ವಲ್ಪ ಹೊತ್ತಿನ ಮೇಲೆ ಹಾಜಾ ನಫೀಸಾ ಮುಖ ತೊಳೆದು, ಕೈಚೀಲ ಹಿಡಿದು ಬಂದು ನಿಂತರು.

“ವಗ್ದಿ, ಗಾಡಿ ತೆಗಿ.”

“ಎಲ್ಲಿಗಮ್ಮ?”

“ಮೆಕ್ಕಾಕ್ಕೆ. ಎಲ್ಲಿಗೆ ಅಂತ ಕೇಳ್ತಾನೆ ನೋಡು.”

ಒಂದೇ ದಿನ ಎರಡನೆಯ ಸಲ ಎಜ್ಬತ್ ಅಲ್ ಬುರ್ಜ್‌ಗೆ ಹೊರಟೆವು. ಹಾಜಾ ನಫೀಸಾ ಆ ಮನೆಗೆ ಕಾಲಿಟ್ಟು ಎಷ್ಟು ವರ್ಷವಾಗಿತ್ತೋ ರಬಾಬ್‌ಳ ಪ್ರೋಗ್ರಾಂಗೂ ಗೊತ್ತಾಗಲಿಕ್ಕಿಲ್ಲ. ಇನ್ಸಾಫ್ ಅತ್ತೆ ಬಾಗಿಲು ತೆರೆದು ನಿಂತಲ್ಲೇ ನಿಂತರು. ಹಾಜಾ ನಫೀಸಾ ಒಳಗೂ ಹೋಗಲಿಲ್ಲ, ಕೂರಲೂ ಇಲ್ಲ. ಹಳೆಯ ಸಾಲ ತೀರಿಸಲು ಬಂದವರ ಗತ್ತಿನಲ್ಲಿ, ಗಂಡ ನಕ್ಕದ್ದು, ಹಾಲು ತರಿಸಿಡು ಎಂದದ್ದು, ಬೆಳಿಗ್ಗೆ ಬಂದೇ ಬರುತ್ತಾಳೆ ಎಂದದ್ದು, ಎಲ್ಲವನ್ನೂ ಹೇಳಿ ಮುಗಿಸಿದರು.

“ಅಷ್ಟೇ. ಹೇಳ್ಬೇಕಿತ್ತು, ಹೇಳ್ದೆ.”

ಇನ್ಸಾಫ್ ಅತ್ತೆ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಅಳತೊಡಗಿದರು. ಹಾಜಾ ನಫೀಸಾ ಸುತ್ತಮುತ್ತ ನೋಡಿದರು. ದೋಣಿಯ ಅಂಗಳದವರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಬೇರೆ ದಾರಿಯಿಲ್ಲದೆ ಅವರೂ ಪಕ್ಕದಲ್ಲಿ ಕೂತರು. “ಸಾಕು ಅತ್ತಿಗೆ, ಊರೆಲ್ಲ ನೋಡ್ತಿದೆ,” ಎಂದವರು ತಾವೂ ಅಳತೊಡಗಿದರು. ಇಬ್ಬರ ಮೂಗೂ ಒಂದೇ ಕರವಸ್ತ್ರದಲ್ಲಿ ಒರೆಸಲ್ಪಟ್ಟಿತು. ಕರವಸ್ತ್ರ ನನ್ನದು.

ಇಲ್ಲಿಗೆ ಮುಗಿಯಿತು, ಇನ್ನು ಸುಖವಾಗಿರುತ್ತಾರೆ ಎಂದುಕೊಂಡೆ. ವ್ಯಾಕರಣದ ಮೇಷ್ಟ್ರು ನಾನು, ವಾಕ್ಯ ಎಲ್ಲಿ ಮುಗಿಯುತ್ತದೆಂದು ನನಗೇ ಗೊತ್ತಾಗಲಿಲ್ಲ.

“ಶನಿವಾರಾನೇ ಮಾಡಿ ನಫೀಸಾ,” ಅಂದರು ಇನ್ಸಾಫ್ ಅತ್ತೆ ಮೂಗೊರೆಸಿಕೊಂಡು. “ಅವನು ನಕ್ಕ ಅಂದ್ಮೇಲೆ ಯಾವ ವಾರ ಆದ್ರೇನು.”

“ಇಲ್ಲ, ಭಾನುವಾರ. ನೀವು ದೊಡ್ಡೋರು, ನಿಮ್ಮ ಮಾತೇ ನಡೀಲಿ.”

“ನೀನು ಹೆಂಡ್ತಿ. ನಿನ್ನ ಮಾತು ನಡೀಬೇಕು. ಶನಿವಾರ.”

“ಭಾನುವಾರ ಅಂದ್ನಲ್ಲ, ಅತ್ತಿಗೆ!”

“ನಿನ್ನ ಹಟ ಯಾವತ್ತು ಬಿಟ್ಟಿದೀಯ ನೀನು? ಶನಿವಾರ ಅಂದ್ರೆ ಶನಿವಾರ!”

ದೋಣಿಯ ಅಂಗಳದವರು ಮತ್ತೆ ಕೆಲಸ ನಿಲ್ಲಿಸಿದರು. ರಬಾಬ್ ಎರಡೂ ಕೈಗಳಿಂದ ತಲೆ ಹಿಡಿದುಕೊಂಡಳು. ನಾನು ಗಾಡಿಯ ಮರೆಗೆ ಹೋಗಿ ಶೇಖ್ ದಸೂಕಿಯವರಿಗೆ ಫೋನ್ ಮಾಡಿದೆ.

“ಶನಿವಾರ ತುಂಬಿದೆ,” ಅಂದರು ಶೇಖರು. “ಭಾನುವಾರ ಸಂಜೆ ಖಾಲಿಯಿದೆ. ಧರ್ಮದಲ್ಲಿ ಇದೆಲ್ಲ ಹೇಳಿಲ್ಲ ಅಂತ ಗೊತ್ತಲ್ಲ?”

“ಗೊತ್ತು, ಶೇಖರೇ. ಭಾನುವಾರ ಬನ್ನಿ.”

ಹೀಗೆ ಸೂರ್ಯ, ಚಂದ್ರ, ಸರ್ಕಾರ, ಕಂಪ್ಯೂಟರ್ ಯಾರಿಂದಲೂ ಆಗದ ತೀರ್ಮಾನ ಶೇಖರ ಬಿಡುವಿನಿಂದ ಆಯಿತು. ಮನೆಗೆ ಹೋದ ಮೇಲೆ ರಬಾಬ್ ಆ ಪ್ರೋಗ್ರಾಂ ತೆರೆದು, ‘ಅಪ್ಪ’ ಎಂಬುದರ ಎದುರು ‘ಇಲ್ಲ’ ಎಂದು ಬದಲಾಯಿಸಿ ಭಾನುವಾರ ಬರಿಸಿದಳು. “ಅಪ್ಪನಿಗೊಂದು, ಪೆಟ್ಟಿಗೆಗೊಂದು ನಿಯಮ ಮಾಡಕ್ಕಾಗಲ್ಲ ಅಂದಿದ್ದೆ?” ಎಂದೆ. “ಬಾಯ್ಮುಚ್ಚು,” ಎಂದಳು. ಬಹಳ ದಿನಗಳ ಮೇಲೆ ಅವಳ ಸಹಜವಾದ ದನಿ ಕೇಳಿ ನನಗೆ ಸಂತೋಷವಾಯಿತು.

ಖಲೀಫಾ ಗುಂಪಿಗೆ ‘ಭಾನುವಾರ’ ಎಂದು ಇನ್ನೊಂದು ಸುದ್ದಿ ಕಳಿಸಿದ. ನಮ್ಮ ನೆಂಟರು ವಾಟ್ಸಾಪ್‌ನಲ್ಲಿ ಓದುವುದು ಹೂವಿನ ಚಿತ್ರಗಳನ್ನು ಮಾತ್ರ. ಶನಿವಾರ ಸಂಜೆ ಮೂರು ವ್ಯಾನಿನ ತುಂಬ ಜನ ಕಪ್ಪುಬಟ್ಟೆಯಲ್ಲಿ ಬಂದಿಳಿದರು. ಪೆಂಡಾಲಿಲ್ಲ, ಶೇಖರಿಲ್ಲ, ಅಡುಗೆಯಿಲ್ಲ. ಹಾಜಾ ನಫೀಸಾ ತೋಳು ಮಡಚಿ ಒಲೆ ಹಚ್ಚಿದರು. ಇನ್ಸಾಫ್ ಅತ್ತೆ ಮೀನು ಮಾರುಕಟ್ಟೆಗೆ ಓಡಿ ಬುಟ್ಟಿಗಟ್ಟಲೆ ತಂದರು. ಬಂದವರು ಹೊಟ್ಟೆ ತುಂಬ ಉಂಡು, ಅತ್ತು, ಅಲ್ಲೇ ಮಲಗಿ, ಭಾನುವಾರವೂ ಇದ್ದು ಇನ್ನೊಮ್ಮೆ ಉಂಡರು. ‘ಹಾಜಿಯವರ ನಲವತ್ತು ಎರಡು ದಿನ ನಡೀತಂತೆ, ಎಂಥ ಗೌರವ!’ ಎಂದು ಊರಿನಲ್ಲಿ ಮಾತಾಯಿತು. ನಮ್ಮ ಮನೆಯವರಲ್ಲಿ ಯಾರೂ ಅದನ್ನು ತಿದ್ದಲು ಹೋಗಲಿಲ್ಲ.

ಭಾನುವಾರ ಶೇಖರು ಚೆನ್ನಾಗಿ ಓದಿದರು. ಹೆಂಗಸರ ಸಾಲಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತು, ಸಾವಿನ ಮನೆಯ ರೂಢಿಯಂತೆ ಬಂದವರಿಗೆ ಸಕ್ಕರೆಯಿಲ್ಲದ ಕಾಫಿ ಕೊಡಿಸಿದರು. ಜನ ಕರಗಿದ ಮೇಲೆ ಹಾಜಾ ನಫೀಸಾ ಕಾಲು ನೀವಿಕೊಳ್ಳುತ್ತಾ ಉಸಿರುಬಿಟ್ಟರು.

“ಅಂತೂ ಚೆನ್ನಾಗಾಯ್ತು. ಇನ್ನು ವರ್ಷದ್ದು ಏಪ್ರಿಲ್ ಇಪ್ಪತ್ತೆರಡಕ್ಕೆ ಮಾಡಿದ್ರಾಯ್ತು.”

“ಇಪ್ಪತ್ತೆರಡು ಹೇಗಾಗುತ್ತೆ?” ಇನ್ಸಾಫ್ ಅತ್ತೆ ಲೋಟ ಕೆಳಗಿಟ್ಟರು. “ಚಂದ್ರನ ವರ್ಷ ಹಿಡೀಬೇಕು ತಾನೆ? ಹತ್ತು ಹನ್ನೊಂದು ದಿನ ಮುಂಚೇನೇ ಬರುತ್ತೆ.”

“ಯಾರು ಹೇಳಿದ್ದು, ಅತ್ತಿಗೆ?”

ರಬಾಬ್ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದಳು. ನಾನು ಅವಳ ಹಿಂದೆಯೇ ಹೋಗಿ ಬಾಗಿಲು ಮುಂದಕ್ಕೆಳೆದೆ.